ಮೊದಲು ಬೆಳಕು, ಆಮೇಲೆ ಫ್ರೇಮ್, ಕೊನೆಗೆ ಬಣ್ಣ: ಫೋಟೋಗ್ರಫಿ ಕಲಿಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಫೋಟೋಗ್ರಫಿ ಕಲಿಯಲು ಹೊರಟವರು ನನ್ನನ್ನು ಪದೇ ಪದೇ ಕೇಳುವುದು ಇದನ್ನೇ: "ಕ್ಯಾಮೆರಾದ ಬಟನ್‌ಗಳೆಲ್ಲ ಗೊತ್ತಾದವು. ಆದರೂ ಫೋಟೋ ಸಪ್ಪೆ ಬರುತ್ತದೆ. ಕಂಪೋಸಿಷನ್, ಬಣ್ಣ, ಲೈಟಿಂಗ್ ಇವನ್ನೆಲ್ಲ ಎಲ್ಲಿಂದ ಶುರು ಮಾಡಲಿ?"

ಬೆಳಕಿನಿಂದ ಶುರು ಮಾಡಿ. ಹೆಚ್ಚಿನ ಪಾಠಗಳು ಕಂಪೋಸಿಷನ್‌ನಿಂದ ಶುರುವಾಗುತ್ತವೆ. ಕಂಪೋಸಿಷನ್ ಅಂದರೆ ಚೌಕಟ್ಟಿನೊಳಗೆ ಯಾವುದನ್ನು ಎಲ್ಲಿ ಇಡಬೇಕು, ಯಾವುದನ್ನು ಬಿಡಬೇಕು ಎಂಬ ಜೋಡಣೆ. ನನಗೆ ಆ ಕ್ರಮ ಸರಿ ಅನ್ನಿಸುವುದಿಲ್ಲ. ಬೆಳಕನ್ನು ನೋಡಲು ಬಾರದವರಿಗೆ ಜೋಡಣೆ ಬರೀ ಗೆರೆಗಳ ಲೆಕ್ಕವಾಗಿಬಿಡುತ್ತದೆ. ಬೆಳಕು ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಅಂತ ಕಂಡರೆ ಫ್ರೇಮ್ ಅರ್ಧ ತಾನಾಗಿಯೇ ಕೂಡಿಬರುತ್ತದೆ.

ಮೂರನ್ನೂ ಒಟ್ಟಿಗೆ ಕಲಿಯಲು ಹೋದರೆ ಇನ್ನೊಂದು ತೊಂದರೆ ಇದೆ. ಫೋಟೋ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಕಟ್ಟಿಹಾಕಿ. ಕೆಳಗಿನ ಅಭ್ಯಾಸಗಳೆಲ್ಲ ಹೀಗೇ ಇವೆ. ದಿನಕ್ಕೆ ಒಂದು ಗಂಟೆ ಕೊಟ್ಟರೆ ಮೂರು ತಿಂಗಳು ಹಿಡಿಯಬಹುದು. ಅವಸರ ಬೇಡ.

ಏನೇನು ಬೇಕು

ಮ್ಯಾನುಯಲ್ ಮೋಡ್ ಇರುವ ಯಾವ ಕ್ಯಾಮೆರಾ ಆದರೂ ಸಾಕು, ಹಳೆಯದಾದರೂ ಪರವಾಗಿಲ್ಲ. ಲೆನ್ಸ್ ಒಂದೇ ಇರಲಿ. ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾ ಆದರೆ 50 ಮಿಲಿಮೀಟರ್, ಸಣ್ಣ ಸೆನ್ಸರ್‌ನ ಎಪಿಎಸ್-ಸಿ ಕ್ಯಾಮೆರಾ ಆದರೆ 35 ಮಿಲಿಮೀಟರ್. ಝೂಮ್ ಲೆನ್ಸ್ ಮಾತ್ರ ಇದ್ದರೆ ಅದನ್ನೇ ಈ ಅಳತೆಗೆ ತಿರುಗಿಸಿ, ಜರುಗದಂತೆ ಟೇಪ್ ಅಂಟಿಸಿ. ಝೂಮ್ ಕೈಯಲ್ಲಿದ್ದರೆ ಕಾಲು ಕೆಲಸ ಮಾಡುವುದಿಲ್ಲ.

ಒಂದು ಟ್ರೈಪಾಡ್, ಒಂದು ಬಿಳಿ ಥರ್ಮಾಕೋಲ್ ಹಲಗೆ, ಅಷ್ಟೇ ದೊಡ್ಡ ಕಪ್ಪು ರಟ್ಟು, ತೆಳುವಾದ ಬಿಳಿ ಬಟ್ಟೆ, ಒಂದು ಟೇಬಲ್ ಲ್ಯಾಂಪ್, ಒಂದು ನೋಟ್‌ಬುಕ್ ಕೂಡ ಬೇಕು. ಫ್ಲ್ಯಾಶ್ ಈಗಲೇ ಕೊಳ್ಳಬೇಡಿ. ಅದರ ಬೆಳಕು ಕಣ್ಣಿಗೆ ಕಾಣುವ ಮೊದಲೇ ಮುಗಿದುಹೋಗುತ್ತದೆ. ನೋಡಲಾಗದ ಬೆಳಕಿನಿಂದ ಹೊಸಬರು ಕಲಿಯುವುದು ಕಷ್ಟ.

ಕ್ಯಾಮೆರಾವನ್ನು ಹೀಗೆ ಇಟ್ಟುಕೊಳ್ಳಿ: ಫೈಲ್ ರಾ ಮತ್ತು ಜೆಪೆಗ್ ಎರಡೂ, ಐಎಸ್‌ಒ 200, ವೈಟ್ ಬ್ಯಾಲೆನ್ಸ್ ಡೇಲೈಟ್. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಂಕಿ. ವೈಟ್ ಬ್ಯಾಲೆನ್ಸ್ ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋದ ಬಣ್ಣ ಹೊಂದಿಸುವ ಸೆಟ್ಟಿಂಗ್. ರಾ ಅಂದರೆ ಸೆನ್ಸರ್ ಕಂಡದ್ದನ್ನು ಹೆಚ್ಚು ಅಡುಗೆ ಮಾಡದೆ ಹಾಗೇ ಉಳಿಸಿದ ಫೈಲ್. ಜೆಪೆಗ್ ಅಂದರೆ ಕ್ಯಾಮೆರಾವೇ ತಯಾರು ಮಾಡಿ ಕೊಡುವ ಫೈಲ್. ಅದರಲ್ಲಿ ಒಂದೊಂದು ಬಣ್ಣಕ್ಕೆ 256 ಛಾಯೆಯ ಮೆಟ್ಟಿಲು ಇರುತ್ತವೆ. 14 ಬಿಟ್‌ನ ರಾ ಫೈಲ್‌ನಲ್ಲಿ 16,384. ಆಟೋ ವೈಟ್ ಬ್ಯಾಲೆನ್ಸ್ ಬೇಡವೇ ಬೇಡ. ನೀವು ನೋಡಿ ಕಲಿಯಬೇಕಾದ ವ್ಯತ್ಯಾಸವನ್ನೇ ಅದು ಸರಿಮಾಡಿ ಮುಚ್ಚಿಬಿಡುತ್ತದೆ.

1. ಕಿಟಕಿ ಪಕ್ಕ ಒಂದು ಮೊಟ್ಟೆ

ಬಿಳಿ ಹಾಳೆಯ ಮೇಲೆ ಒಂದು ಬಿಳಿ ಮೊಟ್ಟೆ ಇಡಿ. ಬೆಳಕು ಒಂದೇ ಕಿಟಕಿಯಿಂದ, ಪಕ್ಕದಿಂದ ಬರಲಿ. ನೇರ ಬಿಸಿಲು ಬೇಡ. ರೂಮಿನ ದೀಪಗಳನ್ನೆಲ್ಲ ಆರಿಸಿ. ಇಲ್ಲೇ ಬಹಳ ಜನ ಎಡವುತ್ತಾರೆ. ತಲೆ ಮೇಲಿನ ಒಂದು ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಅಭ್ಯಾಸ ಹಾಳು.

ಕ್ಯಾಮೆರಾ ಮುಟ್ಟುವ ಮೊದಲು ಐದು ನಿಮಿಷ ಸುಮ್ನೆ ನೋಡಿ. ಕಿಟಕಿ ಕಡೆಯ ಮೇಲ್ಮೈಯಲ್ಲಿ ಒಂದು ಹೊಳಪಿನ ಜಾಗ ಇದೆ. ಅದರ ಸುತ್ತ ಬೆಳಗಿದ ಭಾಗ. ಆಮೇಲೆ ಬೆಳಕು ನಿಧಾನವಾಗಿ ಕಂದುತ್ತಾ ಒಂದು ದಟ್ಟ ಪಟ್ಟಿಯಾಗುತ್ತದೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೀರಿ. ಆದರೆ ಮೊಟ್ಟೆಯ ಆ ತುದಿಯಲ್ಲಿ, ಹಾಳೆಗೆ ತಾಗುವ ಹತ್ತಿರ, ನೆರಳು ಮತ್ತೆ ಸ್ವಲ್ಪ ತಿಳಿಯಾಗಿದೆ. ಕೆಳಗಿನ ಬಿಳಿ ಹಾಳೆಯಿಂದ ಪುಟಿದು ಬಂದ ಬೆಳಕು ಅದು. ಇನ್ನು ಹಾಳೆ ಮೇಲೆ ಬಿದ್ದ ನೆರಳು. ಅದು ಮೊಟ್ಟೆಯ ಬುಡದಲ್ಲಿ ಕಪ್ಪಾಗಿ, ದೂರ ಹೋದಂತೆ ಮಸುಕಾಗುತ್ತದೆ. ಬಿಳಿಯ ಮೇಲಿನ ಬಿಳಿ ವಸ್ತು ಒಂದರಲ್ಲೇ ಇಷ್ಟು ಬೂದು ಛಾಯೆಗಳಿವೆ. ಒಂದು ಮುಖದಲ್ಲಿ, ಒಂದು ಬೆಟ್ಟದಲ್ಲಿ ನೀವು ಹುಡುಕಬೇಕಾದದ್ದೂ ಇದೇ ಐದು ಭಾಗಗಳನ್ನು.

ಈಗ ಟ್ರೈಪಾಡ್ ಹಾಕಿ, ಅಪರ್ಚರ್ ಎಫ್ 8 ಇಟ್ಟು, ಎರಡು ಸೆಕೆಂಡಿನ ಟೈಮರ್‌ನಲ್ಲಿ ತೆಗೆಯಿರಿ. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ. ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಒಂದು ದಿನಕ್ಕೆ ಒಂದೇ ಪ್ರಯೋಗ ಮಾಡಿ.

ಮೊದಲ ದಿನ ದಿಕ್ಕು. ಮೊಟ್ಟೆ ಅಲ್ಲೇ ಇರಲಿ, ನೀವು ಸುತ್ತ ತಿರುಗಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಬಂದರೆ ಮೊಟ್ಟೆ ಚಪ್ಪಟೆ ಬಿಲ್ಲೆಯಂತೆ ಕಾಣುತ್ತದೆ. ಪಕ್ಕಕ್ಕೆ ಬಂದರೆ ದುಂಡಗಾಗುತ್ತದೆ. ಎದುರಿಗೆ ಬಂದರೆ ಅಂಚು ಹೊಳೆದು ಮೈ ಕಪ್ಪಾಗುತ್ತದೆ.

ಎರಡನೇ ದಿನ ಬೆಳಕಿನ ಗಾತ್ರ. ಮೊಟ್ಟೆಯನ್ನು ಕಿಟಕಿಯಿಂದ ಅರ್ಧ ಮೀಟರ್ ದೂರ ಇಟ್ಟು ಒಂದು, ಮೂರು ಮೀಟರ್ ದೂರ ಇಟ್ಟು ಇನ್ನೊಂದು ಫೋಟೋ ತೆಗೆಯಿರಿ. ದೂರದ ಫೋಟೋದಲ್ಲಿ ನೆರಳಿನ ಅಂಚು ಗಟ್ಟಿಯಾಗಿರುತ್ತದೆ. ಕಿಟಕಿ ಬದಲಾಗಿಲ್ಲ, ಆದರೆ ಅಷ್ಟು ದೂರದಿಂದ ಮೊಟ್ಟೆಗೆ ಅದು ಸಣ್ಣದಾಗಿ ಕಾಣುತ್ತಿದೆ. ಮೃದು ಬೆಳಕು ಅಂದರೆ ವಸ್ತುವಿನ ಕಡೆಯಿಂದ ನೋಡಿದಾಗ ದೊಡ್ಡದಾಗಿ ಕಾಣುವ ಬೆಳಕು, ಅಷ್ಟೇ. ಸೂರ್ಯ ಎಷ್ಟು ದೊಡ್ಡದಾದರೂ ನಮಗೆ ಬಿಲ್ಲೆಯಷ್ಟೇ ಕಾಣುವುದು, ಅದಕ್ಕೇ ಬಿಸಿಲಿನ ನೆರಳು ಚೂಪು. ಮೋಡ ಕವಿದಾಗ ಇಡೀ ಆಕಾಶವೇ ದೀಪವಾಗುತ್ತದೆ, ನೆರಳು ಕರಗುತ್ತದೆ. ಇದು ಅರ್ಥವಾದರೆ ಲೈಟಿಂಗ್‌ನ ಅರ್ಧ ಗುಟ್ಟು ನಿಮ್ಮದಾಯಿತು.

ಮೂರನೇ ದಿನ ಬಿಳಿ ಹಲಗೆಯನ್ನು ನೆರಳಿನ ಕಡೆ ಹಿಡಿಯಿರಿ. ನೆರಳು ತಿಳಿಯಾಗುತ್ತದೆ. ಆಮೇಲೆ ಅದೇ ಜಾಗದಲ್ಲಿ ಕಪ್ಪು ರಟ್ಟು ಹಿಡಿಯಿರಿ. ಬೆಳಕು ಸೇರಿಸಲು ಎಲ್ಲರೂ ಕಲಿಯುತ್ತಾರೆ. ಕಪ್ಪು ಹಿಡಿದು ಬೆಳಕು ಕಳೆಯುವುದನ್ನು ಯಾರೂ ಹೇಳಿಕೊಡುವುದಿಲ್ಲ. ಬಿಳಿ ಗೋಡೆಗಳ ರೂಮಿನಲ್ಲಿ ಮುಖಕ್ಕೆ ಆಕಾರ ಬರಿಸುವುದು ಹೆಚ್ಚಾಗಿ ಈ ಕಪ್ಪೇ.

ನಾಲ್ಕನೇ ದಿನ ಟೇಬಲ್ ಲ್ಯಾಂಪ್ ಮತ್ತು ದೂರದ ಲೆಕ್ಕ. ಲ್ಯಾಂಪಿನಂಥ ಸಣ್ಣ ದೀಪದಿಂದ ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಎರಡು ಸ್ಟಾಪ್. ಸ್ಟಾಪ್ ಅಂದರೆ ಬೆಳಕು ಇಮ್ಮಡಿಯಾಗುವ ಅಥವಾ ಅರ್ಧಕ್ಕಿಳಿಯುವ ಒಂದು ಮೆಟ್ಟಿಲು. ಇದರ ಉಪಯೋಗ ನೋಡಿ. ದೀಪದಿಂದ ವಸ್ತು 1 ಮೀಟರ್, ಹಿಂದಿನ ಗೋಡೆ 2 ಮೀಟರ್ ಇದ್ದರೆ ಗೋಡೆ ಎರಡು ಸ್ಟಾಪ್ ಕತ್ತಲಾಗುತ್ತದೆ. ಅದೇ ವಸ್ತು 4 ಮೀಟರ್, ಗೋಡೆ 5 ಮೀಟರ್ ಇದ್ದರೆ ವ್ಯತ್ಯಾಸ ಒಂದು ಸ್ಟಾಪ್ ಕೂಡ ಇಲ್ಲ. ಎರಡು ಸಲವೂ ವಸ್ತು ಗೋಡೆಯಿಂದ ಒಂದೇ ಮೀಟರ್ ದೂರದಲ್ಲಿದೆ. ಹಿನ್ನೆಲೆ ಕಪ್ಪಾಗಬೇಕಾದರೆ ಕಪ್ಪು ಬಟ್ಟೆ ಹುಡುಕಬೇಕಿಲ್ಲ, ದೀಪವನ್ನು ವಸ್ತುವಿನ ಹತ್ತಿರಕ್ಕೆ ತಂದರೆ ಸಾಕು.

ಐದನೇ ದಿನ ಇದೇ ಲ್ಯಾಂಪಿನ ಮುಂದೆ, ಒಂದಡಿ ಬಿಟ್ಟು, ಬಿಳಿ ಬಟ್ಟೆ ಇಳಿಬಿಡಿ. ನೆರಳಿನ ಅಂಚು ನೋಡಿ. ಬಟ್ಟೆ ಬಲ್ಬಿಗೆ ತಾಗದಂತೆ ಎಚ್ಚರ ಇರಲಿ, ಬಿಸಿಯಾಗುವ ಬಲ್ಬಾದರೆ ಬೆಂಕಿ ಹತ್ತಬಹುದು.

2. ಮೀಟರ್‌ನ ಮಾತು ಎಷ್ಟು ನಂಬಬೇಕು

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ಗೆ ನೀವು ಯಾವ ವಸ್ತು ತೋರಿಸುತ್ತಿದ್ದೀರಿ ಅಂತ ಗೊತ್ತಿಲ್ಲ. ಕಂಡದ್ದನ್ನೆಲ್ಲ ಅದು ನಡುಬೂದು ಮಾಡಲು ನೋಡುತ್ತದೆ. ಬಿಳಿ ಹಾಳೆಯನ್ನು ಫ್ರೇಮ್ ತುಂಬ ಹಿಡಿದು ಮೀಟರ್ ಹೇಳಿದಂತೆ ತೆಗೆಯಿರಿ. ಆಮೇಲೆ ಕಪ್ಪು ರಟ್ಟನ್ನು ಹಾಗೇ ತೆಗೆಯಿರಿ. ಎರಡೂ ಬೂದಾಗಿಯೇ ಬರುತ್ತವೆ. ಬಿಳಿ ಬಿಳಿಯಾಗಬೇಕಾದರೆ ಒಂದರಿಂದ ಎರಡು ಸ್ಟಾಪ್ ಬೆಳಕು ಜಾಸ್ತಿ ಕೊಡಬೇಕು, ಕಪ್ಪು ಕಪ್ಪಾಗಬೇಕಾದರೆ ಅಷ್ಟೇ ಕಡಿಮೆ ಮಾಡಬೇಕು.

ಸ್ಕ್ರೀನ್ ನೋಡಿ ತೀರ್ಮಾನ ಮಾಡಬೇಡಿ. ಕತ್ತಲ ರೂಮಿನಲ್ಲಿ ಎಲ್ಲ ಫೋಟೋ ಬೆಳಗಿದಂತೆ ಕಾಣುತ್ತದೆ, ಬಿಸಿಲಲ್ಲಿ ಎಲ್ಲ ಕಪ್ಪು. ಹಿಸ್ಟೋಗ್ರಾಂ ನೋಡಿ. ಫೋಟೋದಲ್ಲಿ ಕಪ್ಪು ಎಷ್ಟು, ಬೂದು ಎಷ್ಟು, ಬಿಳಿ ಎಷ್ಟು ಅಂತ ಎಡದಿಂದ ಬಲಕ್ಕೆ ತೋರಿಸುವ ಗ್ರಾಫ್ ಅದು. ಬಲತುದಿಗೆ ಬಡಿದು ನಿಂತಿದ್ದರೆ ಅಲ್ಲಿ ವಿವರ ಸುಟ್ಟುಹೋಗಿದೆ ಅಂತ ಅರ್ಥ. ಪೂರ್ತಿ ಸುಟ್ಟ ಜಾಗವನ್ನು ರಾ ಫೈಲ್ ಕೂಡ ವಾಪಸ್ ತಂದುಕೊಡಲಾರದು. ಹಾಗಂತ ನಡುವೆ ಗುಡ್ಡದಂತೆ ಎದ್ದ ಗ್ರಾಫೇ ಸರಿ ಅಂತಲೂ ಇಲ್ಲ. ರಾತ್ರಿಯ ಫೋಟೋದ ಗ್ರಾಫ್ ಎಡಕ್ಕೇ ಇರಬೇಕು, ಅಲ್ವಾ?

3. ಮೊಟ್ಟೆಯಿಂದ ಮುಖಕ್ಕೆ

ಈಗ ಒಬ್ಬರನ್ನು ಅದೇ ಕಿಟಕಿ ಪಕ್ಕ ಕೂರಿಸಿ. ಕಿಟಕಿ ಕಡೆಗೆ ಮುಖ ಪೂರ್ತಿ ತಿರುಗಿದ್ದಾಗ ಶುರು ಮಾಡಿ, ನಿಧಾನವಾಗಿ ಆಚೆಗೆ ತಿರುಗಲು ಹೇಳಿ. ಮೂಗಿನ ನೆರಳನ್ನೇ ನೋಡುತ್ತಿರಿ. ಒಂದು ಹಂತದಲ್ಲಿ ಆ ನೆರಳು ಹೋಗಿ ಕೆನ್ನೆಯ ನೆರಳಿಗೆ ಕೂಡಿಕೊಳ್ಳುತ್ತದೆ. ಆಗ ಕತ್ತಲ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಒಂದು ಸಣ್ಣ ತ್ರಿಕೋನ ಉಳಿಯುತ್ತದೆ. ಇದಕ್ಕೆ ರೆಂಬ್ರಾಂಟ್ ಲೈಟಿಂಗ್ ಅನ್ನುತ್ತಾರೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ ಮುಖಗಳಲ್ಲಿ ಈ ಬೆಳಕು ಕಾಣುವುದರಿಂದ ಆ ಹೆಸರು.

ತ್ರಿಕೋನ ಬರುತ್ತಿಲ್ಲ ಅಂದರೆ ಬೆಳಕು ತೀರಾ ಕೆಳಗಿದೆ. ಕಿಟಕಿಯ ಕೆಳಗಿನ ಅರ್ಧವನ್ನು ಕಪ್ಪು ರಟ್ಟಿನಿಂದ ಮುಚ್ಚಿ. ಬೆಳಕು ಮೇಲಿನಿಂದ ಇಳಿಯತೊಡಗುತ್ತದೆ.

ಕಣ್ಣುಗಳಲ್ಲಿ ಕಿಟಕಿಯ ಪ್ರತಿಬಿಂಬ, ಅಂದರೆ ಕ್ಯಾಚ್‌ಲೈಟ್, ಇದೆಯಾ ನೋಡಿ. ಗಡಿಯಾರದ 10 ಅಥವಾ 2 ಗಂಟೆಯ ಜಾಗದಲ್ಲಿ ಅದು ಸಹಜವಾಗಿ ಕಾಣುತ್ತದೆ. ಅದಿಲ್ಲದ ಕಣ್ಣು ಜೀವ ಇಲ್ಲದ ಹಾಗೆ ಕಾಣುತ್ತದೆ. ಕನ್ನಡಕದಲ್ಲಿ ಕಿಟಕಿ ಹೊಳೆಯುತ್ತಿದ್ದರೆ ಗಲ್ಲ ತುಸು ಕೆಳಗೆ ಮಾಡಲು ಹೇಳಿ, ಅಥವಾ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿಸಿ.

ಹೊರಗೆ ತೆಗೆಯುವಾಗ ಆಗುವ ದೊಡ್ಡ ತಪ್ಪು ನಡುಮಧ್ಯಾಹ್ನದ ಬಿಸಿಲು. ಕಣ್ಣಿನ ಗುಳಿ ಕಪ್ಪಾಗುತ್ತದೆ, ಮೂಗು ಹೊಳೆಯುತ್ತದೆ. ನೆರಳಿಗೆ ಹೋಗಿ, ಆದರೆ ನೆರಳಿನ ಒಳಗೆ ತೀರಾ ದೂರ ಹೋಗಬೇಡಿ. ನೆರಳು ಮುಗಿದು ಬಿಸಿಲು ಶುರುವಾಗುವ ಅಂಚಿನಿಂದ ಒಂದೆರಡು ಹೆಜ್ಜೆ ಒಳಗೆ ನಿಲ್ಲಿಸಿ, ಮುಖ ಹೊರಗಡೆ ಇರಲಿ. ತೆರೆದ ಆಕಾಶವೇ ದೊಡ್ಡ ಕಿಟಕಿಯಾಗುತ್ತದೆ.

4. ಫ್ರೇಮ್: ಎಲ್ಲಿ ನಿಂತಿದ್ದೀರಿ?

ಕಂಪೋಸಿಷನ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ರೂಲ್ ಆಫ್ ಥರ್ಡ್ಸ್. ಫ್ರೇಮನ್ನು ಅಡ್ಡ ಮೂರು, ಉದ್ದ ಮೂರು ಭಾಗ ಮಾಡಿ, ಗೆರೆಗಳು ಕೂಡುವ ಕಡೆ ಮುಖ್ಯ ವಸ್ತು ಇಡುವ ಕ್ರಮ. ಈ ಮೂರರ ಲೆಕ್ಕವನ್ನು 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ ಹೇಳಿದಾಗ ಕ್ಯಾಮೆರಾ ಇರಲೇ ಇಲ್ಲ. ಅವರು ಹೇಳಿದ್ದು ನಿಸರ್ಗ ಚಿತ್ರಗಳ ಬಗ್ಗೆ: ಚಿತ್ರವನ್ನು ಸಮಪಾಲು ಮಾಡಬೇಡಿ, ಒಂದಕ್ಕೆ ಎರಡು ಪಾಲು ಕೊಟ್ಟರೆ ಇನ್ನೊಂದಕ್ಕೆ ಒಂದು ಪಾಲು ಕೊಡಿ ಅಂತ. ನನಗೂ ಅದರ ಆ ಅರ್ಥವೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಆಕಾಶ ಚೆನ್ನಾಗಿದೆಯಾ, ನೆಲ ಚೆನ್ನಾಗಿದೆಯಾ, ತೀರ್ಮಾನ ಮಾಡಿ. ಚೆನ್ನಾಗಿರುವುದಕ್ಕೆ ಜಾಸ್ತಿ ಜಾಗ ಕೊಡಿ.

ಗೆರೆಗಳಿಗಿಂತ ಮುಖ್ಯವಾದದ್ದು ನೀವು ನಿಲ್ಲುವ ಜಾಗ. ಒಂದು ಮುಖವನ್ನು 30 ಸೆಂಟಿಮೀಟರ್ ದೂರದಿಂದ ತೆಗೆದರೆ ಮೂಗು ಉಬ್ಬಿ, ಕಿವಿಗಳು ಹಿಂದಕ್ಕೆ ಸರಿಯುತ್ತವೆ. 2 ಮೀಟರ್ ದೂರದಿಂದ ತೆಗೆದರೆ ಮುಖ ಮುಖದಂತಿರುತ್ತದೆ. ಇದಕ್ಕೆ ಲೆನ್ಸನ್ನು ದೂರುತ್ತಾರೆ. ನಿಜವಾದ ಕಾರಣ ದೂರ. ಹತ್ತಿರದ್ದು ಎಷ್ಟು ದೊಡ್ಡದು, ಹಿಂದಿನದು ಎಷ್ಟು ಸಣ್ಣದು ಅಂತ ನಿರ್ಧಾರ ಆಗುವುದು ನಿಮ್ಮ ಕಾಲಿನಿಂದ. ಎಷ್ಟು ಭಾಗ ಫ್ರೇಮಿಗೆ ಬರಬೇಕು ಅಂತ ಲೆನ್ಸ್ ಬರೀ ಕತ್ತರಿಸುತ್ತದೆ.

ಅಭ್ಯಾಸ ಹೀಗೆ. ಒಂದು ಕುರ್ಚಿ ಆರಿಸಿಕೊಳ್ಳಿ. ಅದರ 36 ಫೋಟೋ ತೆಗೆಯಿರಿ, ಒಂದರಂತೆ ಇನ್ನೊಂದು ಇರಬಾರದು. ಹಳೆಯ 35 ಮಿಲಿಮೀಟರ್ ಫಿಲ್ಮ್ ರೋಲ್‌ನಲ್ಲಿ ಇರುತ್ತಿದ್ದದ್ದು ಅಷ್ಟೇ ಫೋಟೋ. ಮೊದಲ ಹತ್ತು ಸುಲಭ. ಹದಿನೈದರ ಹೊತ್ತಿಗೆ ತಲೆ ಖಾಲಿ. ಅಲ್ಲಿ ನಿಲ್ಲಿಸಬೇಡಿ. ನೆಲದ ಮೇಲೆ ಮಲಗಿ, ಸ್ಟೂಲ್ ಹತ್ತಿ, ಕುರ್ಚಿಯ ಕಾಲುಗಳ ನಡುವಿನ ಖಾಲಿ ಜಾಗದ ಆಕಾರ ನೋಡಿ. ಇಪ್ಪತ್ತೈದರ ಆಚೆಗೆ ಬರುವ ಫೋಟೋಗಳಲ್ಲಿ ಕುರ್ಚಿಯನ್ನು ನೀವು ನಿಜವಾಗಿ ನೋಡಲು ಶುರು ಮಾಡಿರುತ್ತೀರಿ.

ಕ್ಲಿಕ್ ಮಾಡುವ ಮೊದಲು ಕಣ್ಣನ್ನು ಫ್ರೇಮಿನ ನಾಲ್ಕು ಅಂಚುಗಳಲ್ಲಿ ಒಂದು ಸುತ್ತು ಓಡಿಸಿ. ಎರಡು ಸೆಕೆಂಡಿನ ಕೆಲಸ. ಹೊಸಬರ ಕಣ್ಣು ನಡುವಿನಲ್ಲೇ ಅಂಟಿಕೊಂಡಿರುತ್ತದೆ, ಫೋಟೋ ಕೆಡುವುದು ಅಂಚಿನಲ್ಲಿ. ಮೂಲೆಯಲ್ಲಿ ಅರ್ಧ ತುಂಡಾದ ಕೈ, ಬೆಳ್ಳಗೆ ಹೊಳೆಯುವ ಒಂದು ಚೂರು ಆಕಾಶ, ತಲೆಯಿಂದ ಮೊಳೆತಂತೆ ನಿಂತ ಕಂಬ. ಕಂಬ ಇದ್ದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಸಾಕು. ದೇಹವನ್ನು ಕತ್ತರಿಸುವಾಗ ಮಣಿಕಟ್ಟು, ಮೊಣಕಾಲಿನಂಥ ಕೀಲುಗಳಲ್ಲಿ ಕತ್ತರಿಸಬೇಡಿ, ಅದರ ಮೇಲೋ ಕೆಳಗೋ ಕತ್ತರಿಸಿ. ಜೋಡಣೆ ಸರಿ ಇದೆಯಾ ಅಂತ ಅನುಮಾನ ಬಂದರೆ ಫೋಟೋವನ್ನು ತಲೆಕೆಳಗು ಮಾಡಿ ನೋಡಿ. ದೊಡ್ಡ ಫಾರ್ಮ್ಯಾಟ್ ಕ್ಯಾಮೆರಾಗಳ ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿಯೇ ಮೂಡುತ್ತದೆ. ಹಾಗೆ ನೋಡಿದಾಗ ವಸ್ತು ಮರೆತು ಆಕಾರಗಳು, ಅವುಗಳ ತೂಕ ಮಾತ್ರ ಕಾಣುತ್ತವೆ.

"ಆಮೇಲೆ ಕ್ರಾಪ್ ಮಾಡಿದರಾಯಿತು" ಅನ್ನುವುದನ್ನು ಈ ತಿಂಗಳು ಬಿಟ್ಟುಬಿಡಿ. ಕತ್ತರಿಸುವುದು ಪಾಪ ಅಲ್ಲ. ಆದರೆ ಕಲಿಯುವಾಗ ಅದು ನೋಡುವ ಶ್ರಮವನ್ನು ಮುಂದೂಡುತ್ತದೆ.

5. ಬಣ್ಣಕ್ಕೆ ಮೊದಲು ಒಂದು ವಾರ ಕಪ್ಪು ಬಿಳುಪು

ಕ್ಯಾಮೆರಾವನ್ನು ಮೊನೊಕ್ರೋಮ್‌ಗೆ ತಿರುಗಿಸಿ. ರಾ ಫೈಲ್‌ನಲ್ಲಿ ಬಣ್ಣ ಹಾಗೇ ಉಳಿದಿರುತ್ತದೆ, ಸ್ಕ್ರೀನಿನಲ್ಲಿ ಮಾತ್ರ ಕಪ್ಪು ಬಿಳುಪು. ಹಸಿರೆಲೆಗಳ ನಡುವಿನ ಕೆಂಪು ಹೂವು ಬಣ್ಣದಲ್ಲಿ ಎದ್ದು ಕಾಣುತ್ತದೆ. ಕಪ್ಪು ಬಿಳುಪಿನಲ್ಲಿ ಎಷ್ಟೋ ಸಲ ಎಲೆಯೊಳಗೇ ಮುಳುಗಿಹೋಗುತ್ತದೆ, ಎರಡರ ಬೂದು ಒಂದೇ ಆಗಿರುವುದರಿಂದ. ಬಣ್ಣ ಬೇರೆ, ಬಣ್ಣದ ಕಪ್ಪು ಬಿಳುಪು ಬೇರೆ ಅಂತ ಕಣ್ಣಿಗೆ ಗೊತ್ತಾಗಲು ಈ ವಾರ.

ಪ್ರತಿ ಬಣ್ಣಕ್ಕೂ ಮೂರು ಗುಣ ಇವೆ. ಹ್ಯೂ, ಅಂದರೆ ಅದು ಕೆಂಪೋ ಹಸಿರೋ ಅನ್ನುವುದು. ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ. ಲ್ಯೂಮಿನನ್ಸ್, ಅಂದರೆ ಎಷ್ಟು ಬೆಳಗಿದೆ ಎಂಬುದು. ಎಡಿಟಿಂಗ್‌ನಲ್ಲಿ ಹೊಸಬರು ಎಳೆಯುವುದು ನಡುವಿನದನ್ನು ಮಾತ್ರ. ಫೋಟೋ ಸಪ್ಪೆ ಅನ್ನಿಸಿದರೆ ಸ್ಯಾಚುರೇಷನ್ ಏರಿಸುವ ಮೊದಲು ಯಾವುದೋ ಒಂದು ಬಣ್ಣದ ಲ್ಯೂಮಿನನ್ಸ್ ಸ್ವಲ್ಪ ಇಳಿಸಿ ನೋಡಿ. ನೀಲಿ ಆಕಾಶಕ್ಕೆ ಬೇಕಾದದ್ದು ಹೆಚ್ಚಾಗಿ ಅದೇ.

ಕೆಂಪು ಹೂವಿನ ಬಗ್ಗೆ ಒಂದು ಎಚ್ಚರಿಕೆ. ಒಟ್ಟು ಹಿಸ್ಟೋಗ್ರಾಂ ಸರಿ ಇದ್ದರೂ ಕೆಂಪು ಚಾನಲ್, ಅಂದರೆ ಕೆಂಪು ಬಣ್ಣದ ಗ್ರಾಫ್, ಮಾತ್ರ ಬಲತುದಿಗೆ ಬಡಿದಿರಬಹುದು. ಆಗ ಎಸಳಿನ ನರ, ಮಡಿಕೆ ಎಲ್ಲ ಅಳಿಸಿಹೋಗಿ ಹೂವು ಕೆಂಪು ಕಾಗದದ ತುಂಡಿನಂತೆ ಬರುತ್ತದೆ. ಮೂರು ಬಣ್ಣಗಳ ಹಿಸ್ಟೋಗ್ರಾಂ ಬೇರೆ ಬೇರೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

6. ಬೆಳಕಿನ ಬಣ್ಣ

ಬೆಳಕಿಗೂ ಬಣ್ಣ ಇದೆ. ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಮೇಣದ ಬತ್ತಿ ಸುಮಾರು 1,900, ಹಳೆಯ ತಂತಿಯ ಬಲ್ಬು 2,700ರ ಹತ್ತಿರ, ನಡುಹಗಲ ಬಿಸಿಲು 5,500, ನೀಲಿ ಆಕಾಶದಡಿಯ ನೆರಳು 7,000ಕ್ಕೂ ಮೇಲೆ. ಅಂಕಿ ಏರಿದಷ್ಟೂ ಬೆಳಕು ನೀಲಿ. ಇಲ್ಲಿ ಎಲ್ಲರಿಗೂ ಒಮ್ಮೆ ಗೊಂದಲ ಆಗುತ್ತದೆ. ಕ್ಯಾಮೆರಾದಲ್ಲಿ 7,500 ಇಟ್ಟರೆ ಫೋಟೋ ನೀಲಿಯಾಗುವ ಬದಲು ಹಳದಿಯಾಗುತ್ತದೆ! ಯಾಕೆಂದರೆ ನೀವು ಕ್ಯಾಮೆರಾಗೆ ಹೇಳಿದ್ದು "ಬೆಳಕು ತುಂಬಾ ನೀಲಿ ಇದೆ, ಸರಿಮಾಡು" ಅಂತ. ಅದು ಹಳದಿ ಸೇರಿಸಿತು. ಒಂದೇ ವಸ್ತುವನ್ನು 3,200, 5,500, 7,500ರಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ನಿಜವಾದ ತೊಂದರೆ ಕೊಡುವುದು ಬೆರಕೆ ಬೆಳಕು. ಒಂದು ಕೆನ್ನೆಗೆ ಕಿಟಕಿ, ಇನ್ನೊಂದಕ್ಕೆ ಹಳದಿ ಬಲ್ಬು ಇದ್ದರೆ ಒಂದೇ ವೈಟ್ ಬ್ಯಾಲೆನ್ಸ್‌ನಲ್ಲಿ ಎರಡೂ ಸರಿಹೋಗುವುದಿಲ್ಲ. ಎರಡರಲ್ಲಿ ಒಂದೇ ಬೆಳಕು ಉಳಿಸಿಕೊಳ್ಳಿ. ಇನ್ನು ಸುತ್ತಲಿನ ಗೋಡೆ, ಗಿಡ, ಬಟ್ಟೆ ಕೂಡ ಬಣ್ಣ ಚೆಲ್ಲುತ್ತವೆ. ಹಸಿರು ಗೋಡೆ ಪಕ್ಕ ನಿಂತವರ ಗಲ್ಲದ ಕೆಳಗೆ ನೋಡಿ. ಚರ್ಮ ತುಸು ಹಸಿರಾಗಿರುತ್ತದೆ, ಜ್ವರ ಬಂದವರಂತೆ. ನಮ್ಮ ಕಣ್ಣು ಅದನ್ನು ತಿದ್ದಿಕೊಂಡು ನೋಡುತ್ತದೆ, ಕ್ಯಾಮೆರಾ ತಿದ್ದುವುದಿಲ್ಲ. ಗೋಡೆಯಿಂದ ಎರಡು ಹೆಜ್ಜೆ ದೂರ ತನ್ನಿ, ಇಲ್ಲವೇ ನಡುವೆ ಬಿಳಿ ಹಲಗೆ ಹಿಡಿಯಿರಿ.

ಎಲ್‌ಇಡಿ ಲೈಟ್ ಕೊಳ್ಳುವಾಗ ಸಿಆರ್‌ಐ ಅಂಕಿ ನೋಡಿ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು, 100ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. 95ರ ಮೇಲಿದ್ದರೆ ಕೆಲಸಕ್ಕೆ ಬರುತ್ತದೆ.

ಬಣ್ಣ ಜೋಡಿಸುವಾಗ ನನ್ನ ಸಲಹೆ ಚಿಕ್ಕದು. ಒಂದು ಫ್ರೇಮಿಗೆ ಒಂದು ದೊಡ್ಡ ಬಣ್ಣ, ಅದರ ಎದುರಿನ ಬಣ್ಣ ಸ್ವಲ್ಪವೇ. ಬಣ್ಣದ ಚಕ್ರದಲ್ಲಿ ಎದುರುಬದುರು ಇರುವ ನೀಲಿ ಮತ್ತು ಕಿತ್ತಳೆ ಒಂದನ್ನೊಂದು ಎತ್ತಿ ತೋರಿಸುತ್ತವೆ. ಆದರೆ ಎರಡಕ್ಕೂ ಸಮ ಜಾಗ ಕೊಟ್ಟರೆ ಜಗಳ ಆಡುತ್ತವೆ. ಮೂರನೇ ಗಾಢ ಬಣ್ಣ ಫ್ರೇಮಿಗೆ ಬಂದರೆ ಅದನ್ನು ಹೊರಗಿಡಲು ಎಲ್ಲಿ ನಿಲ್ಲಬೇಕು ಅಂತ ಯೋಚಿಸಿ.

7. ಒಂದೇ ಜಾಗ, ಮೂರು ಹೊತ್ತು

ಈಗ ಮೂರನ್ನೂ ಕೂಡಿಸಿ. ನಿಮಗೆ ಸುಲಭವಾಗಿ ಹೋಗಿಬರಲು ಆಗುವ ಒಂದು ಜಾಗ ಆರಿಸಿ. ಬೆಳಗ್ಗೆ, ನಡುಹಗಲು, ಸಂಜೆ ಅಲ್ಲಿಗೆ ಹೋಗಿ, ವಾರ ಪೂರ್ತಿ. ಸೂರ್ಯ ಕ್ಷಿತಿಜದಿಂದ ಮೇಲೆ ಸುಮಾರು 6 ಡಿಗ್ರಿಯೊಳಗೆ ಇರುವ ಹೊತ್ತಿಗೆ ಗೋಲ್ಡನ್ ಅವರ್ ಅನ್ನುತ್ತಾರೆ. ಹೆಸರಿಗೆ ಅವರ್ ಆದರೂ ಒಂದು ಗಂಟೆ ಇರುತ್ತದೆ ಅಂದುಕೊಳ್ಳಬೇಡಿ. ಭೂಮಧ್ಯರೇಖೆಯ ಹತ್ತಿರ ಸೂರ್ಯ ನೇರವಾಗಿ ಇಳಿಯುವುದರಿಂದ 25 ನಿಮಿಷದಲ್ಲಿ ಮುಗಿದುಹೋಗುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ, ನಿಲ್ಲುವ ಜಾಗ ಗುರುತು ಮಾಡಿಕೊಂಡು, ಕಾಯಿರಿ. ಸೂರ್ಯ ಮುಳುಗಿದ ಕೂಡಲೇ ಟ್ರೈಪಾಡ್ ಮಡಚಬೇಡಿ. ಆಮೇಲೆ ಬರುವ ನೀಲಿ ಹೊತ್ತಿನಲ್ಲಿ ಆಕಾಶದ ಬೆಳಕೂ ದೀಪಗಳ ಬೆಳಕೂ ಕೆಲವು ನಿಮಿಷ ಸಮಸಮ ಆಗುತ್ತವೆ. ಹೊರಗಿನ ಬೆರಕೆ ಬೆಳಕು ಚಂದ ಕಾಣುವುದು ಆಗ.

8. ಆರಿಸುವುದು

ತೆಗೆದ ದಿನವೇ ಆರಿಸಬೇಡಿ. ಎರಡು ದಿನ ಬಿಡಿ. ಆಮೇಲೆ 36ರಲ್ಲಿ ಮೂರನ್ನು ಮಾತ್ರ ಉಳಿಸಿಕೊಳ್ಳಿ. ಮೊದಲು ಹೆಬ್ಬೆರಳ ಉಗುರಿನಷ್ಟು ಸಣ್ಣದಾಗಿ ನೋಡಿ. ಅಷ್ಟು ಸಣ್ಣದರಲ್ಲೂ ಹಿಡಿದು ನಿಲ್ಲಿಸುವ ಫೋಟೋದ ಜೋಡಣೆ ಗಟ್ಟಿ ಇರುತ್ತದೆ. ಎಡಿಟ್ ಮಾಡುವ ಸ್ಕ್ರೀನಿನ ಬೆಳಕನ್ನು ಪೂರ್ತಿ ಏರಿಸಿ ಇಟ್ಟುಕೊಳ್ಳಬೇಡಿ, ಪ್ರಿಂಟ್ ಕಪ್ಪಾಗಿ ಬರುತ್ತದೆ. ಬೇರೆಯವರಿಗೆ ಕಳಿಸುವ ಫೈಲನ್ನು ಎಸ್‌ಆರ್‌ಜಿಬಿಯಲ್ಲಿ ಉಳಿಸಿ. ಹೆಚ್ಚಿನ ಸ್ಕ್ರೀನ್‌ಗಳು ಸರಿಯಾಗಿ ತೋರಿಸುವ ಬಣ್ಣದ ವ್ಯವಸ್ಥೆ ಅದು.

ಉಳಿಸಿಕೊಂಡ ಪ್ರತಿ ಫೋಟೋದ ಬಗ್ಗೆ ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಿರಿ: ಬೆಳಕು ಯಾವ ಕಡೆಯಿಂದ, ನಾನು ಎಲ್ಲಿ ನಿಂತಿದ್ದೆ, ಕಣ್ಣು ಮೊದಲು ಎಲ್ಲಿಗೆ ಹೋಗಬೇಕು. ಆಮೇಲೆ ಫೋಟೋವನ್ನು ಯಾರಿಗಾದರೂ ತೋರಿಸಿ. "ಹೇಗಿದೆ?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಮೊದಲು ಕಣ್ಣಿಗೆ ಬಿದ್ದದ್ದು ಏನು?" ಅಂತ ಕೇಳಿ. ಅವರ ಉತ್ತರ ನಿಮ್ಮ ಮೂರನೇ ಸಾಲಿಗೆ ಹೊಂದದಿದ್ದರೆ ಅವರು ಹೇಳಿದ ಜಾಗವನ್ನು ಫೋಟೋದಲ್ಲಿ ಹುಡುಕಿ. ಅಲ್ಲಿ ಬೇಡದ ಹೊಳಪು ಇದ್ದರೆ ಒಂದನೇ ಹಂತಕ್ಕೆ, ಅಂಚಿನಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ನಾಲ್ಕನೆಯದಕ್ಕೆ, ಗಾಢ ಬಣ್ಣ ಎಳೆಯುತ್ತಿದ್ದರೆ ಐದು ಮತ್ತು ಆರಕ್ಕೆ ವಾಪಸ್ ಹೋಗಿ ಆ ವಾರದ ಅಭ್ಯಾಸ ಇನ್ನೊಮ್ಮೆ ಮಾಡಿ.